ನೂರಕ್ಕೆ ನೂರಾ ಹನ್ನೆರಡು

ನಮ್ಮ ಮಾವ ಹೈಸ್ಕೂಲಿನ ಹೆಡ್‌ಮಾಸ್ತರರಾಗಿ ನಿವೃತ್ತರಾದವರು. ಈ ಸಂಗತಿ ಶಾಲೆಗೆ ಗೊತ್ತಿತ್ತು, ಊರಿಗೆ ಗೊತ್ತಿತ್ತು, ಅವರಿಗೆ ಮಾತ್ರ ಯಾರೂ ಹೇಳಿದಂತಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಅರ್ಧ ಮಾರ್ಕು ಕಟ್. ಸೊಸೆಯಾಗಿ ಬಂದು ಅಷ್ಟು ವರ್ಷವಾದರೂ ನಾನು ರೊಟ್ಟಿಯಲ್ಲಿ ಸೆಕೆಂಡ್ ಕ್ಲಾಸ್ ದಾಟಿರಲಿಲ್ಲ.

ಹೂವಿನಹಡಗಲಿಯ ನಮ್ಮ ಮನೆಗೆ ಸೋಲಾರ್ ಬಂದದ್ದು ಅತ್ತೆಯ ಕಣ್ಣಿಗಾಗಿ. ಎರಡು ಸಾವಿರದ ದಶಕ ಮುಗಿಯುತ್ತ ಬಂದಿದ್ದ ಕಾಲ. ಊರ ಹೊರಗೆ ನಮ್ಮದೊಂದು ಚೂರು ಮಲ್ಲಿಗೆ ತೋಟ. ಸಂಜೆ ಕೊಯ್ದ ಮೊಗ್ಗನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಬೆಳಗಿನ ಜಾವ ಎದ್ದು ಅತ್ತೆ ಮಾಲೆ ಕಟ್ಟುತ್ತಿದ್ದರು. ಮೊದಲ ಬಸ್ಸಿಗೆ ಬುಟ್ಟಿ ಹರಪನಹಳ್ಳಿಗೆ ಹೋಗಬೇಕು. ಅಲ್ಲಿ ಬಸ್‌ಸ್ಟ್ಯಾಂಡಿನ ಹೂವಿನಾಕೆ ಅತ್ತೆಯ ಕಟ್ಟು ಎಂದರೆ ಬಿಚ್ಚಿ ನೋಡದೆ ಇಳಿಸಿಕೊಳ್ಳುತ್ತಿದ್ದಳು. ಕರೆಂಟು ಸರಿಯಾಗಿ ಅದೇ ಹೊತ್ತಿಗೆ ಹೋಗುತ್ತಿತ್ತು. ಕಣ್ಣಿನ ಪೊರೆ ತೆಗೆಸಿದ ಮೇಲೆ ಕಂದೀಲಿನ ಹೊಗೆ ಕೂಡದೆಂದು ಡಾಕ್ಟರು ಹೇಳಿದರು. ಹಾಗಾಗಿ ಮಾಳಿಗೆಯ ಮೇಲೆ ಸೋಲಾರ್ ಪ್ಲೇಟು, ಒಳಗೊಂದು ಬ್ಯಾಟರಿ, ಪಡಸಾಲೆಯಲ್ಲಿ ಅತ್ತೆಯ ತಲೆಯ ಮೇಲೊಂದು ದೀಪ. ಜೊತೆಗೆ ಇನ್ನು ಮೂರ್ನಾಲ್ಕು ದೀಪ, ಒಂದು ಫ್ಯಾನು. ಅಷ್ಟಕ್ಕೇ ನಿಂತಿದ್ದರೆ ಮನೆ ಸುಖವಾಗಿರುತ್ತಿತ್ತು.

ಜೋಡಿಸಲು ಬಂದ ಅಂಗಡಿಯವನು ನಮ್ಮಲ್ಲಿ ಕಂಪ್ಯೂಟರ್ ಇರುವುದನ್ನು ನೋಡಿಬಿಟ್ಟ. ಒಂದು ಸಿ.ಡಿ. ಹಾಕಿ, ಬ್ಯಾಟರಿಯ ಪೆಟ್ಟಿಗೆಯಿಂದ ಒಂದು ವೈರು ಎಳೆದ. ಪರದೆಯ ಮೇಲೆ ಎರಡು ಕಂಬ ಎದ್ದವು. ದಿನಕ್ಕೆ ಎಷ್ಟು ವಿದ್ಯುತ್ ತಯಾರಾಯಿತು ಎಂಬುದಕ್ಕೆ ಹಸಿರು, ಮನೆ ಎಷ್ಟು ಬಳಸಿತು ಎಂಬುದಕ್ಕೆ ಹಳದಿ. ಕೆಳಗೆ, ತಯಾರಾದದ್ದರಲ್ಲಿ ನೂರಕ್ಕೆ ಎಷ್ಟು ಬಳಕೆಯಾಯಿತು ಎಂಬ ಸಂಖ್ಯೆ. ಮೊದಲ ವಾರ ಅಲ್ಲಿ ನಲವತ್ತೆರಡು ಎಂದು ಬಂತು.

"ನಲವತ್ತೆರಡು?" ಎಂದರು ಮಾವ. "ನನ್ನ ಮನಿಯಾಗ ಥರ್ಡ್ ಕ್ಲಾಸು?"

"ಬ್ಯಾಟ್ರಿ ತುಂಬಿದ ಮ್ಯಾಲ ಉಳಿದದ್ದು ಸುಮ್ನ ಹೋಗತೈತ್ರಿ ಸರ. ಅದ್ರಿಂದ ಏನೂ ತೊಂದ್ರಿ ಇಲ್ಲ" ಎಂದ ಅಂಗಡಿಯವನು.

"ಸುಮ್ನ ಹೋಗಾಕ ಬಿಡೂದು ಹೆಂಗ? ಕಲಿಯೂ ಹುಡುಗ್ರು ಹಂಗ ಸುಮ್ನ ಕುಂತ್ರ ಬಿಡ್ತಿದ್ನೇನು ನಾನು?"

ಅವತ್ತಿನಿಂದ ನಮ್ಮ ಮನೆಗೆ ಪರೀಕ್ಷೆ ಶುರುವಾಯಿತು. ಮಟಮಟ ಮಧ್ಯಾಹ್ನ ಬಚ್ಚಲಲ್ಲಿ ದೀಪ, ದೇವರ ಕೋಣೆಯಲ್ಲಿ ದೀಪ, ಬಿಸಿಲು ಕಾಯುವ ಅಂಗಳದಲ್ಲಿ ದೀಪ. ಖಾಲಿ ಮಂಚದ ಮೇಲೆ ಫ್ಯಾನು ತಿರುಗುತ್ತಿತ್ತು. ನಾನು ಆರಿಸುತ್ತ ಬಂದರೆ ಅವರು ಹಿಂದಿನಿಂದ ಹಚ್ಚುತ್ತ ಬರುತ್ತಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುತ್ತಾರೆ. ನಮ್ಮಲ್ಲಿ ಮಲ್ಲಿಗೆಯೇ ಹೊಟ್ಟೆಯ ಹಿಟ್ಟು, ಜುಟ್ಟಿನ ಶೋಕಿಯೆಲ್ಲ ಕಂಪ್ಯೂಟರಿಗೆ.

ತಡೆಯಲಾರದೆ ಒಂದು ದಿನ ಕೇಳಿದೆ. "ಮಾವಾರ, ದೀಪದ ಬೆಳಕಿನಾಗ ಯಾರರ ಕುಂತ್ರ ಅದು ಬಳಕಿ ಅಲ್ರಿ?"

"ಸಾಫ್ಟ್‌ವೇರಿಗೆ ತಿಳೀಲಾರದ್ದು ನಿನಗ ತಿಳೀತೇನವ್ವ?" ಎಂದರು. ನಾನು ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಅಂಕ ಏರಿತು. ಎಪ್ಪತ್ತು ದಾಟಿದಾಗ ಓಣಿಗೆ ಗೊತ್ತಾಯಿತು. ತೊಂಬತ್ತು ಮುಟ್ಟಿದಾಗ ಕಂದೀಲಿಗೆ ನಿವೃತ್ತಿ ಘೋಷಿಸಿ, ಅದರ ಸೀಮೆಎಣ್ಣೆಯನ್ನು ಪಕ್ಕದ ಮನೆಗೆ ದಾನ ಕೊಟ್ಟರು. ಜಾವದಲ್ಲಿ ಅತ್ತೆಯ ದೀಪ ಉರಿಯುತ್ತಿತ್ತು, ಅವರಿಗೆ ಅಷ್ಟು ಸಾಕಿತ್ತು.

ಆಷಾಢ ಬಂತು. ಮಳೆ ಇಲ್ಲ, ಬರೀ ಗಾಳಿ, ಮೋಡ. ಹಸಿರು ಕಂಬ ದಿನದಿಂದ ದಿನಕ್ಕೆ ಕುಳ್ಳಾಯಿತು. ಮಾವನ ಹಗಲು ದೀಪಗಳು ಮಾತ್ರ ಒಂದೂ ಆರಲಿಲ್ಲ. ಒಂದು ಸಂಜೆ ಹಳದಿ ಕಂಬ ಹಸಿರಿನ ತಲೆ ದಾಟಿ ನಿಂತು, ಕೆಳಗೆ ನೂರಾ ಹನ್ನೆರಡು ಎಂದು ಬಂತು. ದುಡಿದದ್ದು ಸಾಲದೆ ಬ್ಯಾಟರಿಯಲ್ಲಿ ಕೂಡಿಟ್ಟದ್ದನ್ನೂ ನೆಕ್ಕಿದ ಮನೆಗೆ ಮಾತ್ರ ಬರುವ ಅಂಕ ಅದು. ಸೇವೆಯುದ್ದಕ್ಕೂ ಗಣಿತ ಕಲಿಸಿದವರು, ಯಾರಿಗೂ ನೂರಕ್ಕೆ ನೂರು ಕೊಡದವರು, ಕೂತು ಲೆಕ್ಕ ಹಾಕಲಿಲ್ಲ, ಓದಿ ಹಿಗ್ಗಿದರು. ನಿವೃತ್ತ ಮಾಸ್ತರರಿಬ್ಬರನ್ನು ಕರೆತಂದು ತೋರಿಸಿದರು. ಅವರೂ ಕನ್ನಡಕ ಸರಿಮಾಡಿಕೊಂಡು "ರ್‍ಯಾಂಕು ಬಿಡ್ರಿ" ಎಂದು ಚಹಾ ಕುಡಿದು ಹೋದರು.

ಮರುದಿನ ಜಾವದಲ್ಲಿ ಅತ್ತೆಯ ದನಿ ಕೇಳಿ ಎದ್ದೆ. "ದೀಪ ಹತ್ತವಲ್ದಲ್ಲವ್ವ."

ಕರೆಂಟಿಲ್ಲ, ಬ್ಯಾಟರಿ ಖಾಲಿ, ಕಂದೀಲಿನಲ್ಲಿ ಎಣ್ಣೆಯಿಲ್ಲ. ಸಿಕ್ಕ ಮೋಂಬತ್ತಿಯ ತುಂಡು ಆಷಾಢದ ಗಾಳಿಗೆ ನಿಲ್ಲಲಿಲ್ಲ. ನನ್ನ ಕಟ್ಟು ಮನೆಯ ಮುಡಿಗಷ್ಟೇ ಲಾಯಕ್ಕು, ಅಂಗಡಿಗಲ್ಲ. ಬಸ್ಸಿನ ಹೊತ್ತಾಗುತ್ತಿತ್ತು. ಅತ್ತೆ ಕತ್ತಲಲ್ಲೇ ಕಣ್ಣು ಕಿರಿದು ಮಾಡಿಕೊಂಡು ಅವಸರದಲ್ಲಿ ಕಟ್ಟಿದರು. ಅವರ ಬೆರಳು ಮೊಗ್ಗು ತಪ್ಪುವುದನ್ನು ನಾನು ಅವತ್ತೇ ಮೊದಲು ಕಂಡದ್ದು. ಒಳಗೆ ಮಾವನ ಗೊರಕೆ ಕೇಳಿ ಮೈಯೆಲ್ಲ ಉರಿಯಿತು.

ಮಧ್ಯಾಹ್ನ ಬುಟ್ಟಿ ವಾಪಸು ಬಂತು. ತಂದ ಕಂಡಕ್ಟರು ಅತ್ತೆಯ ಮುಖ ನೋಡದೆ ಹೇಳಿದ. "ಕಟ್ಟು ಸಡ್ಲ ಐತಂತ್ರಿ ಅವ್ವಾರ. ಹಿಡಿದ್ರ ಉದುರ್ತೈತಿ ಅಂದ್ಳು."

ಅತ್ತೆ ಬುಟ್ಟಿ ಹಿಡಿದುಕೊಂಡು ಸೀದಾ ಕಂಪ್ಯೂಟರಿನ ಹತ್ತಿರ ಹೋದರು. ಉದ್ದನೆಯ ಮಾಲೆಯೊಂದನ್ನು ತೆಗೆದು ಅದರ ಕೊರಳಿಗೆ, ಅಂದರೆ ಪರದೆಯ ಎರಡೂ ಮೂಲೆಗೆ ಇಳಿಬಿಟ್ಟರು. ಗೋಡೆಯ ಮೇಲಿನ ತೀರಿಕೊಂಡ ಹಿರಿಯರ ಫೋಟೋಗಳಿಗೂ ಅದಕ್ಕೂ ವ್ಯತ್ಯಾಸ ಉಳಿಯಲಿಲ್ಲ. ಹೂಗಳು ಕೀಬೋರ್ಡಿನ ಮೇಲೆ ಒಂದೊಂದೇ ಉದುರಿದವು.

"ಇದೇನು ಮಾಡಿದಿ?" ಎಂದರು ಮಾವ.

"ನಿಮ್ಮ ಸಾಲ್ಯಾಗ ರ್‍ಯಾಂಕ್ ಬಂದೋರಿಗೆ ಹಾರ ಹಾಕ್ತಿದ್ರಲ್ರಿ, ಅದಕ್ಕ ಹಾಕೀನಿ" ಎಂದರು ಅತ್ತೆ. ಆಮೇಲೆ ಉದುರಿದ ಹೂವೊಂದನ್ನು ಹೆಕ್ಕಿಕೊಂಡರು. "ಇಷ್ಟು ವರ್ಷದಾಗ ನನ್ನ ಹೂವು ವಾಪಸ್ ಬಂದಿದ್ದಿಲ್ರಿ."

ಮಾವ ಎದ್ದು ಹೋಗಿ ಬಚ್ಚಲಿನ ದೀಪ ಆರಿಸಿದರು, ಆಮೇಲೆ ಅಂಗಳದ್ದು, ದೇವರ ಕೋಣೆಯದ್ದು, ಕೊನೆಗೆ ಫ್ಯಾನು. ಪಕ್ಕದ ಮನೆಗೆ ಹೋಗಿ, ದಾನ ಕೊಟ್ಟ ಸೀಮೆಎಣ್ಣೆಯಲ್ಲಿ ಒಂದಿಷ್ಟನ್ನು ಕೇಳಿ ಇಸಿದುಕೊಂಡು ಬಂದರು. ಅವರು ಯಾರ ಮುಂದಾದರೂ ಕೈಚಾಚಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆಷಾಢ ಕಳೆದು ಬಿಸಿಲು ಬಂದ ಮೇಲೆ ಮಾವ ಮತ್ತೆ ಕಂಪ್ಯೂಟರ್ ಹಚ್ಚಿದರು. ಮೂವತ್ತೊಂದು. ನಮ್ಮ ಕಡೆ ಮೂವತ್ತೈದಕ್ಕೆ ಪಾಸು. ಅವರು ಅತ್ತೆಯೇ ಹೊಲಿದಿದ್ದ ಬಟ್ಟೆಯ ಮುಸುಕನ್ನು ಅದರ ಮೇಲೆಳೆದರು. ಮನೆ ಫೇಲಾಯಿತು. ಹೂವು ಮಾತ್ರ ಮತ್ತೆ ವಾಪಸು ಬರಲಿಲ್ಲ.