ಚೌತಿಯ ದಿನದ ಬಂಗಡೆ

ನನ್ನ ಬ್ಲಾಗಿಗೆ ಓದುಗರಿದ್ದಾರೆ. ಇಷ್ಟು ಸಣ್ಣ ಮಾತನ್ನು ಎದೆಯುಬ್ಬಿಸಿ ಹೇಳುತ್ತಿದ್ದೇನೆ ಎಂದು ಯಾರಿಗಾದರೂ ನಗು ಬಂದರೆ ನಗಲಿ. ಮೊದಲ ಎಂಟು ತಿಂಗಳು ನಾನು ಬರೆದದ್ದನ್ನು ನಾನೇ ಓದಿ, ನಾನೇ ಮೆಚ್ಚಿ, ನಾನೇ ಎಲ್ಲರಿಗೂ ಕಳಿಸಿದವಳು. ಅಷ್ಟು ಕಷ್ಟಪಟ್ಟ ಮೇಲೆ ಸ್ವಲ್ಪ ಜಂಬ ಪಡಲು ನನಗೆ ಹಕ್ಕಿದೆ.

ನಾನು ಕುಮಟಾದಲ್ಲಿ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆ. ಹುಟ್ಟಿದ್ದು ಹೊನ್ನಾವರದ ಮೀನುಗಾರರ ಕೇರಿಯಲ್ಲಿ. ಅಪ್ಪ ಇರುವಷ್ಟು ದಿನ ಬೋಟಿಗೆ ಹೋಗುತ್ತಿದ್ದ. ಅಮ್ಮ ಅರವತ್ತು ದಾಟಿದ ಮೇಲೂ ಬೆಳಿಗ್ಗೆ ಬಂದರಿನಲ್ಲಿ ಮೀನು ಕೊಂಡು, ಬುಟ್ಟಿ ಹೊತ್ತು, ಮನೆಮನೆಗೆ ಹೋಗಿ ಮಾರುತ್ತಾಳೆ. ಮಕ್ಕಳೆಲ್ಲ ಸಂಬಳದ ಕೆಲಸದಲ್ಲಿದ್ದೇವೆ, ಇನ್ನು ಸಾಕು ಎಂದರೆ, ನಿಮ್ಮ ಸಂಬಳ ನಿಮ್ಮ ಹತ್ರವೇ ಇರಲಿ ಎನ್ನುತ್ತಾಳೆ. ಹಾಗಾಗಿ ಬ್ಲಾಗು ಮಾಡಬೇಕು ಅನಿಸಿದಾಗ ವಿಷಯಕ್ಕೆ ನಾನು ಎಲ್ಲಿಗೂ ಹುಡುಕಿಕೊಂಡು ಹೋಗಲಿಲ್ಲ. ಪ್ರತಿ ಶನಿವಾರ ಬೆಳಿಗ್ಗೆ ಆರಕ್ಕೆ ಒಂದು ಮೀನು. ಅದು ಯಾವ ಬಲೆಗೆ ಬೀಳುತ್ತದೆ, ತಾಜಾ ಹೌದೋ ಅಲ್ಲವೋ ಹೇಗೆ ನೋಡಬೇಕು, ನಮ್ಮ ಕೇರಿಯಲ್ಲಿ ಅದನ್ನು ಹೇಗೆ ಅಡುಗೆ ಮಾಡುತ್ತಾರೆ. ಭಾನುವಾರದ ಮೀನಿನ ಚಿಂತೆ ಜನರಿಗೆ ಶನಿವಾರವೇ ಹತ್ತುತ್ತದೆ ಎಂಬುದು ನನ್ನ ಅಂದಾಜು.

ಅಂದಾಜು ಸರಿಯಿತ್ತು, ಬರವಣಿಗೆ ಸರಿಯಿರಲಿಲ್ಲ. ಓದುಗರನ್ನು ಸೆಳೆಯುವುದು ಹೇಗೆ ಎಂದು ಇಂಟರ್ನೆಟ್ಟಿನಲ್ಲಿ ಹುಡುಕಿ, ಸಿಕ್ಕ ಬುದ್ಧಿಮಾತನ್ನೆಲ್ಲ ಪಾಲಿಸಿದ್ದೆ. ‘ಬಂಗಡೆಯ ಏಳು ಆರೋಗ್ಯ ರಹಸ್ಯಗಳು’ ಎಂದು ಬರೆದೆ. ‘ಮತ್ಸ್ಯಲೋಕದ ರಾಣಿ ನೊಗಲಿ’ ಎಂದು ಬರೆದೆ. ಈಗ ಅವನ್ನು ಓದಿದರೆ ನಾಚಿಕೆಯಿಂದ ಕಿವಿ ಬಿಸಿಯಾಗುತ್ತದೆ. ಬಂಗಡೆಗೆ ಯಾವ ರಹಸ್ಯವೂ ಇಲ್ಲ. ನೊಗಲಿಯನ್ನು ರಾಣಿ ಎಂದು ನನ್ನಮ್ಮನ ಎದುರು ಹೇಳಿದ್ದರೆ ಅವಳು ಬುಟ್ಟಿ ಇಳಿಸಿ ನಗುತ್ತಿದ್ದಳು.

ಕುಟುಂಬದ ವಾಟ್ಸಾಪ್ ಗುಂಪಿಗೆ ಲಿಂಕ್ ಕಳಿಸಿದ ಕೂಡಲೇ ಹೆಬ್ಬೆರಳುಗಳು ಮೇಲೇಳುತ್ತಿದ್ದವು. ಒಂದು ಪುಟ ಓದಲು ಬೇಕಾದ ಸಮಯವಾದರೂ ಹಿಡಿಯಬೇಡವೇ? ಚಿಕ್ಕಮ್ಮನ ಮಗಳು ಎಲ್ಲರಿಗಿಂತ ಮೊದಲು ‘ಸೂಪರ್ ಅಕ್ಕಾ’ ಎಂದು ಹಾಕುತ್ತಿದ್ದಳು. ಒಂದು ದಿನ ಫೋನು ಮಾಡಿ, ಕೊನೆಯಲ್ಲಿ ನಾನು ಹೇಳಿದ ಮೀನು ಯಾವುದು ಹೇಳು ಎಂದೆ. ಅವಳು, “ಅಕ್ಕಾ, ಕುಕ್ಕರ್ ಕೂಗ್ತಾ ಇದೆ” ಎಂದು ಫೋನಿಟ್ಟಳು. ಕುಕ್ಕರು ನನಗೆ ಕೇಳಿಸಲಿಲ್ಲ.

ಬ್ಲಾಗಿನಲ್ಲಿ ಎಷ್ಟು ಸಲ ಪುಟ ತೆರೆದಿದೆ ಎಂದು ತೋರಿಸುವ ಒಂದು ಅಂಕಿ ಇತ್ತು. ಅದು ಏರುತ್ತಿದ್ದುದೂ ನಿಜ. ಆದರೆ ಒಂದೇ ಒಂದು ಉತ್ತರ, ಒಂದು ಪ್ರಶ್ನೆ, ಒಂದು ಜಗಳ ಇಲ್ಲ. ಪ್ರತಿ ಬರಹದ ಕೆಳಗೆ ನನ್ನ ವಾಟ್ಸಾಪ್ ನಂಬರ್ ಹಾಕಿದ್ದೆ. ಅದಕ್ಕೂ ಯಾರೂ ಬರೆಯಲಿಲ್ಲ. ನನ್ನ ಗಂಡ ಒಳ್ಳೆಯವರೇ, ಆದರೆ ಸತ್ಯ ಹೇಳುವ ಚಟ ಇದೆ. “ಅದೆಲ್ಲ ಯಾವ್ದೋ ದೇಶದ ಮಿಷನ್ನು ಬಂದು ಮುಟ್ಟಿ ಹೋಗೂದು. ಜನ ಅಲ್ಲ” ಎಂದರು. ನಾನು ನನ್ನ ಬರಹವನ್ನು ಎರಡನೇ ಸಲ ಜೋರಾಗಿ ಓದಿ ಹೇಳಿದಾಗ, “ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಹಂಗೇ ಆತು ನಿಂದು” ಎಂದೂ ಸೇರಿಸಿದರು.

ಅಮ್ಮನ ಅಳತೆಯೇ ಬೇರೆ. ಅವಳಿಗೆ ಓದಲು ಬರುವುದಿಲ್ಲ. ಬ್ಲಾಗು ಎಂದರೆ ಏನೆಂದು ವಿವರಿಸಿದ ಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ.

“ಎಷ್ಟು ಮನೆ ಆತು?”

ಅವಳಿಗೆ ಕಾಯಂ ಮನೆಗಳಿವೆ. ಮೂವತ್ತು ವರ್ಷದಿಂದ ಅವೇ ಗೇಟು, ಅವೇ ನಾಯಿ. ನಾನು, ಹಾಗೆಲ್ಲ ಹೇಳೂಕೆ ಬರೂದಿಲ್ಲ ಅಮ್ಮ, ಯಾರು ಓದ್ತಾರೆ ಅಂತ ಗೊತ್ತಾಗೂದಿಲ್ಲ ಎಂದೆ.

“ಮನೆ ಗೊತ್ತಿಲ್ದೆ ಬುಟ್ಟಿ ಹೊತ್ಕಂಡು ಹೋಗೂದಾ?” ಎಂದಳು. ತಮಾಷೆಗೆ ಹೇಳಿದ್ದಲ್ಲ. ನಿಜವಾಗಿಯೂ ಅವಳಿಗೆ ಅರ್ಥವಾಗಿರಲಿಲ್ಲ.

ಅಂದು ನಾನು ತೀರ್ಮಾನ ಮಾಡಿದೆ. ಚೌತಿಯವರೆಗೆ ನೋಡುವುದು. ಅಷ್ಟರೊಳಗೆ ನನ್ನ ಮನೆಯವರೂ ನೆಂಟರೂ ಅಲ್ಲದ ಒಬ್ಬರಾದರೂ ಓದಿದ್ದೇನೆ ಎಂದು ಬಾಯಿ ಬಿಡದಿದ್ದರೆ ಬ್ಲಾಗು ಮುಚ್ಚುವುದು. ಶನಿವಾರದ ಬರಹಕ್ಕಾಗಿ ವಾರದ ಪ್ರತಿ ಬೆಳಗೂ ಒಂದು ತಾಸು ಹೋಗುತ್ತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆಯಲು ಅಷ್ಟು ಬೆಳಗು ಯಾಕೆ? ಗಂಡನಿಗೂ ಹೇಳಿದೆ. ಅವರು ಮೊದಲ ಬಾರಿಗೆ ತಮಾಷೆ ಮಾಡಲಿಲ್ಲ. ಅದರಿಂದ ನನಗೆ ಇನ್ನಷ್ಟು ಬೇಸರವಾಯಿತು.

ಆ ತಿಂಗಳು ಕಾಲೇಜಿನಲ್ಲಿ ಅಡ್ಮಿಷನ್ ಗಲಾಟೆ. ಬೆಳಿಗ್ಗೆ ಬರೆಯಲು ಆಗುವುದಿಲ್ಲವೆಂದು ಒಂದು ಭಾನುವಾರ ಕುಳಿತು ನಾಲ್ಕು ವಾರದ ಬರಹ ಒಟ್ಟಿಗೆ ಬರೆದು, ಶನಿವಾರ ಬೆಳಿಗ್ಗೆ ಆರಕ್ಕೆ ತಾನಾಗಿ ಹೋಗುವಂತೆ ಇಟ್ಟುಬಿಟ್ಟೆ. ಕೊನೆಯದು ಬಂಗಡೆ ಹುರಿಯುವುದರ ಬಗ್ಗೆ. ಏಳು ರಹಸ್ಯವೆಲ್ಲ ಬಿಟ್ಟು, ಹೇಗಿದ್ದರೂ ಮುಚ್ಚುವುದೇ ಎಂಬ ಧೈರ್ಯದಲ್ಲಿ, ಅಮ್ಮ ಮಾತಾಡಿದ ಹಾಗೆ ಬರೆದಿದ್ದೆ. ಬಾಳೆಲೆಯ ಮೇಲೆ ಕೆಂಪಗೆ ಹುರಿದ ಮೂರು ಬಂಗಡೆಯ ದೊಡ್ಡ ಫೋಟೋ. ತಲೆಬರಹ: ‘ಇವತ್ತು ಬಂಗಡೆ ಹುರಿಯಿರಿ.’

ಆ ವರ್ಷ ಚೌತಿ ಶನಿವಾರ ಬಂದಿತ್ತು.

ಗಂಡನ ರಜೆಗೆಂದು ಕ್ಯಾಲೆಂಡರ್ ನೋಡಿದ್ದೆ, ನೆಂಟರಿಗೆಂದು ನೋಡಿದ್ದೆ, ಬ್ಲಾಗಿಗೆಂದು ನೋಡಲಿಲ್ಲ. ವರ್ಷವಿಡೀ ಮೀನಿಲ್ಲದೆ ಅನ್ನ ಇಳಿಯದ ನಮ್ಮ ಮನೆಗಳಲ್ಲೂ ಗಣಪತಿ ಇರುವಷ್ಟು ದಿನ ಮೀನಿನ ಹೆಸರೆತ್ತುವುದಿಲ್ಲ. ಹಿಂದಿನ ದಿನವೇ ಮೀನಿನ ಪಾತ್ರೆಗಳನ್ನು ತಿಕ್ಕಿ ಅಟ್ಟಕ್ಕೆ ಹಾಕುತ್ತೇವೆ. ಅಂಥ ದಿನ, ಮನೆಮನೆಯಲ್ಲೂ ಹೆಂಗಸರು ಮಿಂದು ಮಡಿಯುಟ್ಟು ಪಂಚಕಜ್ಜಾಯಕ್ಕೆ ಕೈ ಹಾಕುವ ಹೊತ್ತಿಗೆ, ನನ್ನ ಬಂಗಡೆ ಬಾಳೆಲೆಯ ಮೇಲೆ ಮಲಗಿ ಹೊರಟಿತ್ತು.

ಫೋನು ಅಡಿಗೆಮನೆಯ ಕಿಟಕಿಯಲ್ಲಿ ಗುಂಯ್‌ಗುಡುತ್ತಿತ್ತು. ಹಬ್ಬದ ಶುಭಾಶಯ ಇರಬಹುದು ಎಂದು ಸುಮ್ಮನಿದ್ದೆ. ಪೂಜೆ ಮುಗಿದು, ಆರತಿ ಆಗಿ, ಎಲ್ಲರೂ ಊಟಕ್ಕೆ ಕುಳಿತ ಮೇಲೆ ತೆರೆದು ನೋಡಿದೆ.

ಬೈಗುಳ. ಒಂದಲ್ಲ, ಎರಡಲ್ಲ. ಗುರುತಿಲ್ಲದ ನಂಬರುಗಳಿಂದ ಒಂದರ ಹಿಂದೊಂದು. ‘ನಿಮಗೆ ಮನೆಯಲ್ಲಿ ಹೇಳುವವರಿಲ್ವಾ?’ ‘ಮಗು ಫೋನ್ ತೆಗೆದು ದೇವರ ಮುಂದೆ ತೋರಿಸ್ತು, ಎಲ್ಲಿ ಮುಖ ಇಡೂದು ನಾನು?’ ಕಾಗಾಲದ ಒಬ್ಬ ನಿವೃತ್ತ ಅಕ್ಕೋರು, ಶಾಲೆಯಲ್ಲಿ ಮಕ್ಕಳಿಗೆ ಹೇಗೆ ಬೈದಿರಬೇಕೋ ಹಾಗೆ, ಒಂದೂ ತಪ್ಪಿಲ್ಲದ ಕನ್ನಡದಲ್ಲಿ ಬರೆದಿದ್ದರು: ‘ಗಣಪತಿ ಇನ್ನೂ ಮಂಟಪ ಏರಿಲ್ಲ, ನಿಮ್ಮ ಬಂಗಡೆ ಬಾಣಲೆ ಏರಿದೆ. ಎಂಟು ತಿಂಗಳಿಂದ ಪ್ರತಿ ಶನಿವಾರ ತಪ್ಪದೆ ಓದುತ್ತಿದ್ದೇನೆ. ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ.’

ಸಂತೋಷಪಟ್ಟವರು ಒಬ್ಬರೇ. ಭಟ್ಕಳದ ಒಂದು ನವಾಯಿತಿ ಮುಸ್ಲಿಮರ ಮನೆಯವರು. ‘ನಮಗೆ ಚೌತಿ ಇಲ್ಲ. ಇವತ್ತು ಪೇಟೆಯಲ್ಲಿ ಗಿರಾಕಿ ಕಮ್ಮಿ, ಒಳ್ಳೊಳ್ಳೆ ಮೀನೆಲ್ಲ ನಮಗೇ ಸಿಕ್ತು. ನೀವು ಹೇಳಿದ ಹಾಗೇ ಹುರಿದೆವು. ಪ್ರತಿ ವರ್ಷ ಹೀಗೇ ಮಾಡಿ’ ಎಂದು ಬರೆದಿದ್ದರು.

ನಾನು ಮೊದಲು ಬರಹ ಅಳಿಸಿ ಹಾಕಿದೆ. ಆಮೇಲೆ ಹಿತ್ತಲಿಗೆ ಹೋಗಿ, ಬಾವಿಕಟ್ಟೆಯ ಮೇಲೆ ಕುಳಿತು, ಅಮ್ಮನಿಗೆ ಫೋನು ಮಾಡಿ ಅತ್ತೆ. ಎಲ್ಲ ಹೇಳಿದೆ. ಒಂದೊಂದು ಬೈಗುಳವನ್ನೂ ಓದಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ಎಂತಕ್ಕೆ ಅಳ್ತೆ ಮಳ್ಳಿ?” ಎಂದಳು. “ಬೈಯೂಕೂ ಓದ್ಬೇಕಲ್ಲ.”

ನನ್ನ ಅಳು ಅಲ್ಲೇ ನಿಂತಿತು.

“ಮೀನು ಸಮ ಇದ್ರೆ ಯಾರಾದ್ರೂ ಗೇಟಿಗೆ ಬಂದು ಹೊಗಳ್ತರಾ? ಉಂಡು ಕೈ ತೊಳಿತರು, ಅಷ್ಟೇ. ಮೀನು ಕೆಟ್ಟ ದಿನ ಮಾತ್ರ ಕಾಯ್ತಾ ನಿಂತಿರ್ತರು. ಬೈತರು ಅಂದ್ರೆ ಆ ಮನೆ ನಿಂದು ಅಂತ ತಿಳ್ಕ. ಬೇಡದ ಮನೆಯೋರು ಬೈಯೂದಿಲ್ಲ, ಬೇರೆಯೋರ ಹತ್ರ ತಕಂತರು.”

ಎಂಟು ತಿಂಗಳು ಇಂಟರ್ನೆಟ್ಟಿನಲ್ಲಿ ಹುಡುಕಿದರೂ ಸಿಗದ ವಿಷಯ ಇದು. ಈ ಕರಾವಳಿಯ ಜನ ಹೊಗಳುವುದಿಲ್ಲ ಎಂಬುದನ್ನು, ಇಲ್ಲೇ ಹುಟ್ಟಿ ಬೆಳೆದ ನಾನು ಮರೆತಿದ್ದೆ. ಅವರ ಮೌನ ಕಂಡು ಓದುವವರೇ ಇಲ್ಲ ಎಂದುಕೊಂಡಿದ್ದೆ. ಅದು ಉಂಡು ಕೈ ತೊಳೆದವರ ಮೌನವಾಗಿತ್ತು. ಬಾವಿಕಟ್ಟೆಯ ಮೇಲೆ ಕುಳಿತು ನಾನು ಬೈಗುಳಗಳನ್ನು ಎಣಿಸಿದೆ. ಹತ್ತೊಂಬತ್ತು. ಹತ್ತೊಂಬತ್ತು ಮನೆ! ಹಬ್ಬದ ಊಟ ಅಂದು ಎಷ್ಟು ರುಚಿಯಾಗಿತ್ತೆಂದರೆ ಎರಡನೇ ಸಲ ಪಾಯಸ ಹಾಕಿಸಿಕೊಂಡೆ.

ಆದರೆ ಬಂದ ಮನೆಯನ್ನು ಉಳಿಸಿಕೊಳ್ಳಬೇಕಲ್ಲ? ಅದಕ್ಕೂ ಅಮ್ಮನೇ ದಾರಿ ಹೇಳಿದಳು. ಮೀನು ಕೆಟ್ಟಿದ್ದರೆ ಮರುದಿನ ಅವಳು ಮೊದಲು ಹೋಗುವುದು ಅದೇ ಮನೆಗೆ. ಬುಟ್ಟಿ ಇಳಿಸುವ ಮೊದಲೇ, ನಿನ್ನೆಯದು ಸಮ ಇರಲಿಲ್ಲ ಎಂದು ತಾನೇ ಹೇಳುತ್ತಾಳೆ. ಮಂಜುಗಡ್ಡೆ ಸಾಲಲಿಲ್ಲ, ಬೋಟು ತಡವಾಯಿತು ಎಂಬ ಕತೆ ಹೇಳುವುದಿಲ್ಲ. “ಕತೆ ಯಾರಿಗೂ ಬೇಡ. ತಪ್ಪಾತು ಅನ್ನು, ಆತು” ಎಂದಳು.

ನಾನು ಹತ್ತೊಂಬತ್ತು ಮಂದಿಗೂ ಬೇರೆಬೇರೆಯಾಗಿ ಬರೆದೆ. ಕಂಪ್ಯೂಟರು ತಾನಾಗಿ ಕಳಿಸಿತು ಎಂದು ಯಾರಿಗೂ ಹೇಳಲಿಲ್ಲ. ತಪ್ಪಾಯಿತು ಎಂದೆ. ಜೊತೆಗೆ ಒಂದು ಪ್ರಶ್ನೆ ಕೇಳಿದೆ: ಗಣಪತಿ ಕಳಿಸಿದ ಮೇಲೆ ನಿಮ್ಮ ಮನೆಗೆ ಮೊದಲು ಬರುವ ಮೀನು ಯಾವುದು?

ಅಬ್ಬಾ, ಆಮೇಲೆ ಬಂದ ಮಾತುಗಳು! ಬೈದವರೆಲ್ಲ ಬಾಯಿ ಬಿಟ್ಟರು. ಐದು ದಿನ ಸೊಪ್ಪು ತರಕಾರಿ ತಿಂದ ಬಾಯಿಗಳು ಬೇರೆ. ಒಬ್ಬರಿಗೆ ತಾರ್ಲೆ ಸಾರೇ ಆಗಬೇಕು, ಅದಕ್ಕೆ ನಾಲಿಗೆ ಜುಮ್ಮೆನ್ನಿಸುವ ಜುಮ್ಮನಕಾಯಿಯ ಮಸಾಲೆ ಬೀಳಲೇಬೇಕು. ಇನ್ನೊಬ್ಬರಿಗೆ ಶೆಟ್ಲಿ, ಅಂದರೆ ಸಿಗಡಿ. ಕಾಗಾಲದ ಅಕ್ಕೋರು ಮೀನಿನ ಮಾತೇ ಎತ್ತದೆ, ಅಘನಾಶಿನಿಯಲ್ಲಿ ನೀರು ಇಳಿದಾಗ ತಾಯಿಯ ಜೊತೆ ಬಳಚು ಆರಿಸಲು ಹೋಗುತ್ತಿದ್ದುದನ್ನು, ಕೆಸರಲ್ಲಿ ಕಾಲಿನ ಬೆರಳಿಂದಲೇ ಚಿಪ್ಪು ಹುಡುಕುತ್ತಿದ್ದುದನ್ನು ಎರಡು ಪುಟ ಬರೆದು ಕಳಿಸಿದರು. ನಾನು ಆ ಶನಿವಾರ ನನ್ನದೇನೂ ಬರೆಯಲಿಲ್ಲ. ಅವರ ಮಾತುಗಳನ್ನೇ, ಅವರು ಹೇಳಿದ ಹಾಗೇ, ಸಾಲಾಗಿ ಹಾಕಿದೆ. ಚಿಕ್ಕಮ್ಮನ ಮಗಳು ಈ ಸಲ ಕೂಡಲೇ ಹೆಬ್ಬೆರಳು ಎತ್ತಲಿಲ್ಲ. ಅರ್ಧ ತಾಸಿನ ನಂತರ ಫೋನು ಮಾಡಿ, ಆ ಅಕ್ಕೋರು ಯಾರೇ ಎಂದು ಕೇಳಿದಳು.

ಅಲ್ಲಿಂದ ನಾನು ಹಿಂದೆ ನೋಡಲಿಲ್ಲ. ಯಾರೇ ಬರೆದರೂ ಅದೇ ದಿನ ಉತ್ತರ ಕೊಟ್ಟೆ. ಮುಂದಿನ ಮಳೆಗಾಲದಲ್ಲಿ ಬೋಟು ಕಡಲಿಗಿಳಿಯದ ಎರಡು ತಿಂಗಳು ಬರೆಯಲು ಏನೂ ಇಲ್ಲ ಎಂದು ಕೈಚೆಲ್ಲುವವಳಿದ್ದೆ. ಆದರೆ ಅಮ್ಮ ಆ ದಿನಗಳಲ್ಲೂ ಕಾಯಂ ಮನೆಗಳಿಗೆ ಹೋಗಿ, ಇವತ್ತು ಇಲ್ಲ ಎಂದು ಹೇಳಿ, ಕುಶಲ ಕೇಳಿ ಬರುತ್ತಾಳೆ. ನಾನೂ ಹಾಗೇ ಮಾಡಿದೆ. ಮೀನಿಲ್ಲದ ಶನಿವಾರಗಳಲ್ಲಿ ಒಣಮೀನು, ಹರಿದ ಬಲೆ ಕಟ್ಟುವುದು, ಓದುಗರ ಮನೆಯ ಉಪ್ಪಿನಕಾಯಿ, ಏನಾದರೊಂದು ಹೇಳಿ ಬಂದೆ. ಗಂಡ ಈಗ ಶನಿವಾರ ನನಗಿಂತ ಮೊದಲು ಎದ್ದು, ಬಂತಾ ಇಲ್ವಾ ಎಂದು ನೋಡುತ್ತಾರೆ. ಮಿಷನ್ನಿನ ಮಾತು ಮತ್ತೆ ಎತ್ತಿಲ್ಲ. ನಾನು ಮಾತ್ರ ವಾರಕ್ಕೊಮ್ಮೆ ಎತ್ತುತ್ತೇನೆ.

ಹೋದ ತಿಂಗಳು ಆಫೀಸಿನಲ್ಲಿದ್ದಾಗ ಅಮ್ಮನ ಫೋನು ಬಂತು. ಮಾರಾಟದ ಹೊತ್ತಿನಲ್ಲಿ ಅವಳು ಯಾವತ್ತೂ ಮಾಡುವವಳಲ್ಲ. ಗಾಬರಿಯಲ್ಲಿ ಎತ್ತಿದೆ.

“ತಕಾ, ಮಾತಾಡು” ಎಂದು ಯಾರಿಗೋ ಕೊಟ್ಟಳು.

“ನಮಸ್ಕಾರ,” ಒಬ್ಬ ಹೆಂಗಸಿನ ದನಿ. “ನಾವು ಈ ಊರಿಗೆ ಹೊಸಬರು. ನಾನು ಮೀನಿನ ಕಿವಿರು ಎತ್ತಿ ನೋಡ್ದೆ, ಇವರಿಗೆ ಸಿಟ್ಟು ಬಂತು. ಹೀಗೇ ನೋಡಬೇಕು ಅಂತ ಬ್ಲಾಗಲ್ಲಿ ಬರ್ದಿದ್ದಾರೆ ಅಂದೆ. ಅದನ್ನು ಬರೆಯೂದು ನನ್ನ ಮಗಳೇ ಅಂತಾರೆ. ಮೀನು ಮಾರೂಕೆ ಎಂತ ಬೇಕಾದ್ರೂ ಹೇಳ್ತೀರಿ ನೀವು ಅಂದೆ. ಅದಕ್ಕೆ ಫೋನ್ ಹಚ್ಚಿ ಕೊಟ್ರು.”

“ಹೌದು, ನಾನೇ ಬರೆಯೂದು” ಎಂದೆ.

ನಾನು ಮೈಯೆಲ್ಲ ಕಿವಿಯಾಗಿ ಕಾದೆ.

“ಹಾಗಾದ್ರೆ ಹೋದ ವಾರ ಎಂತಕ್ಕೆ ಅಷ್ಟು ಸಣ್ಣ ಬರ್ದಿದ್ರಿ? ಓದೂಕೆ ಕೂತ್ಕೊಳ್ಳೂದ್ರೊಳಗೆ ಮುಗ್ದೋಯ್ತು.”

ತಪ್ಪಾಯಿತು, ಈ ವಾರ ಉದ್ದ ಬರೆಯುತ್ತೇನೆ ಎಂದೆ. ನನ್ನ ಮುಖದ ತುಂಬ ನಗು. ಪಕ್ಕದ ಮೇಜಿನವರು ಬರೆಯುವುದು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ನೋಡಲಿ. ಗುರುತಿಲ್ಲದ ಹೆಂಗಸೊಬ್ಬಳು ನನ್ನ ತಾಯಿಯ ಮೀನನ್ನು ನನ್ನ ಮಾತು ನಂಬಿ ಪರೀಕ್ಷೆ ಮಾಡುತ್ತಿದ್ದಳು. ಇಷ್ಟು ಹೆಮ್ಮೆ ನನಗೆ ಕೆಲಸ ಸಿಕ್ಕ ದಿನವೂ ಆಗಿರಲಿಲ್ಲ.

ಅಮ್ಮ ಫೋನು ವಾಪಸು ತೆಗೆದುಕೊಂಡಳು, ಆದರೆ ಆಫ್ ಮಾಡಲು ಮರೆತಳು. ನಾನು ಕಿವಿಗೆ ಹಿಡಿದುಕೊಂಡೇ ಇದ್ದೆ. ಮೀನು ಎಣಿಸಿ ಪಾತ್ರೆಗೆ ಹಾಕುವ ಸದ್ದು. ನನ್ನ ತಾಯಿ ವ್ಯಾಪಾರದಲ್ಲಿ ಬಲು ಗಟ್ಟಿ. ಗಿರಾಕಿ ಅಂಗಲಾಚಿದರೂ ಮೇಲೊಂದು ಹಾಕುವವಳಲ್ಲ. ಸ್ವಂತ ತಂಗಿಗೂ ಹಾಕಿದ್ದನ್ನು ನಾನು ನೋಡಿಲ್ಲ.

“ಇದೆಂತ, ಎರಡು ಹೆಚ್ಚು ಬಂತಲ್ಲ?” ಎಂದು ಆ ಹೆಂಗಸು ಕೇಳಿದ್ದು ಕೇಳಿಸಿತು.

“ಇರ್ಲಿ,” ಎಂದಳು ಅಮ್ಮ. “ಓದ್ತಿರಲ್ಲ, ಅದಕ್ಕೆ.”