ಉಳುಕು ಎಂದರೆ ಸಿಡುಕುವ ಸಿಸ್ಟರ್

ಆಸ್ಪತ್ರೆಯ ಬಾಗಿಲು ಇನ್ನೂ ಅರ್ಧವಷ್ಟೇ ತೆರೆದಿದೆ. ಬೆನ್ನುನೋವಿನವರ ಬೆಂಚು ಆಗಲೇ ಭರ್ತಿ. ಒರೆಸಿದ ನೆಲ ಆರುವ ಮೊದಲೇ ಹಿರಿಯ ನರ್ಸ್ ಒಬ್ಬರು ಸ್ಟೂಲ್ ಎಳೆದುಕೊಂಡು ಮೊದಲನೆಯವರ ಎದುರು ಕೂರುತ್ತಾರೆ.

"ಏನಾಗಿದೆ ಅಣ್ಣ?"

"ಉಳುಕಿದೆ ಸಿಸ್ಟರ್."

"ಉಳುಕೋ ಅಲ್ವೋ ನಾವು ನೋಡ್ತೀವಿ. ನೋವು ಎಲ್ಲಿದೆ, ಯಾವಾಗಿಂದ, ಅದನ್ನ ಹೇಳಿ."

ಬೆಂಚಿನ ತುದಿಯಲ್ಲಿ ಯಾರೋ ಕಿಸಕ್ಕನೆ ನಗುತ್ತಾರೆ. ಎರಡನೇ ಸಲ ಬಂದವರಿಗೆಲ್ಲ ಈ ಬೈಗುಳ ಗೊತ್ತು. ಬೆನ್ನ ಹಿಂದೆ ಅವರ ಹೆಸರೇ ಉಳುಕಕ್ಕ. ನನ್ನ ಸೊಂಟವೂ ಮೊನ್ನೆ ಉಳುಕಿತ್ತು ಎಂದು ಬಾಯಿಬಿಟ್ಟು, ಅವರ ಬಗ್ಗೆ ಬರೆಯಲು ಬಂದ ನಾನೂ ಬೈಸಿಕೊಂಡೆ.

ಆ ಪದದ ಮೇಲೆ ಅವರಿಗೆ ಸುಮ್ಮನೆ ಸಿಟ್ಟಿಲ್ಲ. ಬೆನ್ನು ನೋಯಿತೆಂದರೆ ನಾವೆಲ್ಲ ಮೊದಲು ಹೇಳುವುದೇ ಉಳುಕು ಎಂದು. ಹೆಸರು ಸಿಕ್ಕರೆ ಮದ್ದೂ ಸಿಕ್ಕಂತೆ: ಎಣ್ಣೆ ಹಚ್ಚಿ ತಿಕ್ಕು, ಬಿಸಿನೀರು ಹಾಕು, ಮಾತ್ರೆ ನುಂಗು. ಬಹುಪಾಲು ನೋವು ಅಷ್ಟಕ್ಕೇ ಹೋಗುತ್ತದೆ. ಆದರೆ ಬೆನ್ನುಮೂಳೆಗೆ ಸೋಂಕು ತಗುಲಿ ಒಳಗೆ ಕೀವು ಕಟ್ಟುತ್ತಿದ್ದರೂ ಶುರುವಿನಲ್ಲಿ ಹೀಗೇ ಇರುತ್ತದೆ. ಮಲಗಿದರೂ ಇಳಿಯದ ನೋವು ಒಂದು ಸುಳಿವು, ಜ್ವರ ಬಂದೇ ಬರಬೇಕೆಂದಿಲ್ಲ. ಮೊದಮೊದಲು ಎಕ್ಸ್‌ರೇಯಲ್ಲಿ ಏನೂ ಕಾಣದೆಯೂ ಹೋಗಬಹುದು. ತಡವಾದರೆ ಕೀವು ನರಗಳನ್ನು ಒತ್ತಿ ಕಾಲಿನ ಶಕ್ತಿಯೇ ಹೋದೀತು.

"ವಾರ್ಡಲ್ಲಿದ್ದಾಗ ಅಂಥವರನ್ನ ಹೊರಳಿಸಿ ಹೊರಳಿಸಿ ನನ್ನ ಸೊಂಟ ಹೋಯ್ತು, ಅದಕ್ಕೇ ಇಲ್ಲಿಗೆ ಹಾಕಿದ್ರು. ಎಲ್ಲರ ಮನೆಯವರೂ ಹೇಳ್ತಿದ್ದದ್ದು ಒಂದೇ, ಉಳುಕು ಅಂದ್ಕೊಂಡ್ವಿ ಅಂತ," ಎನ್ನುತ್ತಾರೆ. ಸಂಜೆ ಮನೆಯಲ್ಲಿ ಸೊಂಟಕ್ಕೆ ಕೈ ಕೊಟ್ಟು ಎದ್ದರೆ ಮಗಳು ರೇಗಿಸುತ್ತಾಳಂತೆ: "ಏನಮ್ಮಾ, ಉಳುಕಾ?"

ದಿನಕ್ಕೆ ನೂರರ ಆಸುಪಾಸು ಮಂದಿ. ಇಂದು ಅವರಲ್ಲೊಬ್ಬರು ಶಾಲಾ ವ್ಯಾನಿನ ಡ್ರೈವರ್. ಪಕ್ಕದಲ್ಲಿ ಹೆಂಡತಿ.

"ಸೀಟು ಹಾಳಾಗಿದೆ ಸಿಸ್ಟರ್, ಅದಕ್ಕೇ ನೋವು. ಎಕ್ಸ್‌ರೇನೂ ಸರಿಯಾಗಿದೆ. ಮಾತ್ರೆ ಕೊಡ್ಸಿ, ಮಕ್ಕಳು ಕಾಯ್ತಿರ್ತವೆ."

"ಮಲಗಿದ್ರೆ ಕಡಿಮೆ ಆಗುತ್ತಾ?"

ಡ್ರೈವರ್ ಹೂಂ ಎನ್ನುವಷ್ಟರಲ್ಲಿ ಹೆಂಡತಿ ಬಾಯಿ ಹಾಕುತ್ತಾರೆ. "ಎಲ್ಲಿ ಕಡಿಮೆ? ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತಿರ್ತಾರೆ. ಸಕ್ಕರೆ ಕಾಯಿಲೆ ಬೇರೆ. ಹೋದ ತಿಂಗಳು ಕಾಲಲ್ಲಿ ಕುರು ಆಗಿತ್ತು, ಆಮೇಲಿಂದ ಪ್ಯಾಂಟೇ ನಿಲ್ತಿಲ್ಲ, ಅಷ್ಟು ಇಳಿದುಹೋಗಿದಾರೆ."

ನರ್ಸ್ ಬೆನ್ನುಮೂಳೆಯ ಮೇಲೆ ಮೆಲ್ಲಗೆ ತಟ್ಟುತ್ತ ಇಳಿಯುತ್ತಾರೆ. ಒಂದು ಕಡೆ ಡ್ರೈವರ್ ಅಯ್ಯೋ ಎಂದು ಎಗರುತ್ತಾರೆ. ಅವರ ತೋಳು ಹಿಡಿದು ನೇರ ಡಾಕ್ಟರ ಕೋಣೆಗೆ ನಡೆಸುತ್ತಾರೆ ನರ್ಸ್. "ನಾವೇನು ಕತ್ತೆ ಕಾಯೋಕೆ ಕೂತಿದೀವಾ?" ಎಂದು ಸಾಲು ರೇಗುತ್ತದೆ.

ಡಾಕ್ಟರು ಪರೀಕ್ಷಿಸಿ, ಅಂದೇ ರಕ್ತ ಪರೀಕ್ಷೆಗೂ ಎಂಆರ್‌ಐಗೂ ಬರೆಯುತ್ತಾರೆ. "ಸಿಸ್ಟರ್ ಹೀಗೆ ಕರ್ಕೊಂಡು ಬಂದವರಲ್ಲಿ ಹೆಚ್ಚಿನವರಿಗೆ ಏನೂ ಇರಲ್ಲ. ಆದ್ರೂ ಕರ್ಕೊಂಡು ಬನ್ನಿ ಅಂತ ನಾನೇ ಹೇಳಿದೀನಿ," ಎನ್ನುತ್ತಾರೆ. ಏನೂ ಇಲ್ಲವೆಂದು ಗೊತ್ತಾದವರು ಬೈದುಕೊಂಡು ಹೋಗುವುದೂ ಉಂಟು. ನರ್ಸ್‌ಗೆ ಅದರ ಬೇಸರವಿಲ್ಲ. "ಬೈಲಿ ಬಿಡಿ. ನಡ್ಕೊಂಡು ಹೋಗ್ತಾ ಬೈತಾರಲ್ಲ, ಸಾಕು."

ಈ ಸಲ ಇತ್ತು. ಎರಡು ಮೂಳೆಗಳ ನಡುವೆ ಸೋಂಕು, ನರಗಳ ಹತ್ತಿರಕ್ಕೇ ಬಂದ ಕೀವು. ಕಾಲಿನ ಕುರುವಿನಿಂದ ರಕ್ತ ಸೇರಿ ಅಲ್ಲಿಗೆ ಹೋಗಿರಬಹುದಂತೆ. ಡ್ರೈವರ್ ವಾರ್ಡಿಗೆ ಸೇರುತ್ತಾರೆ. ಯಾವ ಕ್ರಿಮಿ ಎಂದು ತಿಳಿಯಲು ರಕ್ತ ತೆಗೆದ ಮೇಲೆ ಚುಚ್ಚುಮದ್ದು ಶುರು. ಅದು ವಾರಗಟ್ಟಲೆ ನಡೆಯಬೇಕು. ಮದ್ದು ಹಿಡಿಯುವವರೆಗೆ ಕಾಲಿನ ಶಕ್ತಿ ಹೋಗುವ ಭಯ ಇದ್ದೇ ಇದೆ. ಹೆಂಡತಿ ಕಾರಿಡಾರಿನಲ್ಲಿ ಅಳುತ್ತಾರೆ. "ನಾನೇ ಎಣ್ಣೆ ಹಚ್ಚಿ ತಿಕ್ತಾ ಕೂತೆ ಸಿಸ್ಟರ್."

"ತಿಕ್ಕಿದ್ದಕ್ಕೆ ಬಂದದ್ದಲ್ಲ ತಾಯಿ. ರಾತ್ರಿ ಕೂತಿರ್ತಾರೆ ಅಂತ ಬಾಯಿಬಿಟ್ಟು ಹೇಳಿದ್ರಲ್ಲ, ಅದು ದೊಡ್ಡದು."

ಮರುವಾರ ನಾನು ಹೋದಾಗ ನರ್ಸ್ ವಾರ್ಡಿನಲ್ಲಿದ್ದಾರೆ. ಬೆಂಚಿಗೆ ಹೋಗುವ ಮೊದಲು ದಿನವೂ ಇಲ್ಲಿಗೆ ಬರುತ್ತಾರಂತೆ. ಮಂಚದ ಕೆಳತುದಿಯಲ್ಲಿ ನಿಂತು ಡ್ರೈವರ್‌ನ ಅಂಗಾಲಿಗೆ ಅಂಗೈ ಒಡ್ಡಿ, "ಒದೀರಿ," ಎನ್ನುತ್ತಾರೆ.

"ನಿಮ್ಮನ್ನ ಹೇಗೆ ಒದೀಲಿ ಸಿಸ್ಟರ್?"

"ಒದೀರಿ ಅಂದ್ರೆ ಒದೀರಿ."

ಹೆಂಡತಿ ಮಂಚದ ಕಡೆ ಬಗ್ಗಿ ನೋಡುತ್ತಾರೆ. ಡ್ರೈವರ್ ಒದ್ದ ರಭಸಕ್ಕೆ ನರ್ಸ್ ಹಿಂದಕ್ಕೆ ಜಾರಿ ಪಕ್ಕದ ಮಂಚ ಹಿಡಿದುಕೊಳ್ಳುತ್ತಾರೆ. ವಾರ್ಡಿಗೆ ವಾರ್ಡೇ ನಗುತ್ತದೆ. ನರ್ಸ್ ಸೊಂಟ ನೀವಿಕೊಳ್ಳುತ್ತ ನನ್ನ ಕಡೆ ತಿರುಗುತ್ತಾರೆ.

"ಈ ಒದೆ ತಿನ್ನೋಕೇ ನೋಡಿ, ನಾನು ದಿನಾ ಬೇಗ ಬರೋದು."