ನರ್ಸಮ್ಮನ ಮೇಲೆ ಮೂರು ಅರ್ಜಿ

ಸರ್ಕಾರದ ಬಗ್ಗೆ ನನಗೆ ಅಭಿಪ್ರಾಯ ಹುಟ್ಟುವುದು ಬೆಳಿಗ್ಗೆ ಎರಡನೆಯ ಲೋಟ ಕಾಫಿಯ ಹೊತ್ತಿಗೆ. ಮೊದಲನೆಯ ಲೋಟದಲ್ಲಿ ನಾನಿನ್ನೂ ಸಾಮಾನ್ಯ ಮನುಷ್ಯ; ಕನ್ನಡಕ ಎಲ್ಲಿಟ್ಟೆ ಎಂದು ತಡಕಾಡುತ್ತಿರುತ್ತೇನೆ. ಎರಡನೆಯದು ಮುಗಿಯುವಷ್ಟರಲ್ಲಿ ಪೇಪರು ಓದಿ ಆಗಿರುತ್ತದೆ, ಮಂತ್ರಿಗಳು ಏನು ಮಾಡಬೇಕಿತ್ತು, ಏನು ಮಾಡಿ ಕೆಡಿಸಿದರು ಎಂಬುದೆಲ್ಲ ನಿಚ್ಚಳವಾಗಿರುತ್ತದೆ. ಇಷ್ಟು ತಿಳಿವಳಿಕೆ ಇರುವವನನ್ನು ಚಾಮರಾಜನಗರದ ಒಂದು ಸಹಕಾರ ಸಂಘದಲ್ಲಿ ಗುಮಾಸ್ತನನ್ನಾಗಿ ಕೂರಿಸಿಬಿಟ್ಟಿದ್ದಾರಲ್ಲ ಎಂದು ಹೆಂಡತಿಯ ಮುಂದೆ ಹೇಳಿಕೊಂಡರೆ ಅವಳು, "ಲೋಟ ತೊಳ್ದಿಡಿ" ಎನ್ನುತ್ತಾಳೆ.

ಅಭಿಪ್ರಾಯ ಎಲ್ಲರಿಗೂ ಇರುತ್ತದೆ ಬಿಡಿ. ನನ್ನ ತೊಂದರೆ ಎಂದರೆ ಅದರ ಜೊತೆಗೆ ದುಂಡಗಿನ ಕೈಬರಹವೂ ಇದೆ. ಹಾಗಾಗಿ ನಮ್ಮ ಬೀದಿಯ ಅರ್ಜಿಗಳೆಲ್ಲ ನನ್ನ ಜಗಲಿಯ ಮೇಲೆಯೇ ಜನ್ಮ ತಾಳುತ್ತವೆ. ಬೀದಿದೀಪ ಉರಿಯದಿದ್ದರೆ ನಾನು, ಮೋರಿ ಕಟ್ಟಿಕೊಂಡರೆ ನಾನು. ಈ ಕಲೆ ವಂಶದಲ್ಲೇ ಬಂದಿರಬೇಕು. ನಮ್ಮ ತಾತನ ಟ್ರಂಕಿನಲ್ಲಿ ಮಹಾರಾಜರ ಕಾಲದ ಅರ್ಜಿಯೊಂದರ ನಕಲು ಸಿಕ್ಕಿತ್ತು. ಮುಕ್ಕಾಲು ಹಾಳೆ ಪಾದಾರವಿಂದ, ಸಾಷ್ಟಾಂಗ, ಶತಕೋಟಿ ನಮಸ್ಕಾರಗಳು. ಕಟ್ಟಕಡೆಯ ಸಾಲಿನಲ್ಲಿ, ಕೆರೆಯ ತೂಬು ಸೋರುತ್ತಿದೆ ಎಂಬ ಸಮಾಚಾರ. ನಮ್ಮ ಕಾಲಕ್ಕೆ ಇದು ತಿರುವುಮುರುವಾಗಿದೆ. ನಾವು 'ಮಾನ್ಯರೇ' ಎಂದು ಒಂದೇ ಒಂದು ಪದ ಖರ್ಚು ಮಾಡಿ, ಉಳಿದ ಹಾಳೆಯ ತುಂಬ ಬೈಯುತ್ತೇವೆ. ತೂಬು ಆಗಲೂ ಸೋರುತ್ತಿತ್ತು, ಈಗಲೂ ಸೋರುತ್ತದೆ.

ಎರಡು ಸಾವಿರದ ಆರನೆಯ ಇಸವಿಯ ಮಳೆಗಾಲ. ಅಕ್ಕಪಕ್ಕದ ಜಿಲ್ಲೆಗಳಲ್ಲಿ ಚಿಕುನ್‌ಗುನ್ಯ ಕಾಣಿಸಿಕೊಂಡಿದೆ ಎಂದು ಪೇಪರಿನಲ್ಲಿ ಬಂತು. ಬಸ್ ಸ್ಟ್ಯಾಂಡಿನ ಹತ್ತಿರದ ಟೀ ಅಂಗಡಿಯಲ್ಲಿ ಆ ದಿನವೇ ಸರ್ಕಾರದ ವಿಚಾರಣೆ ಶುರುವಾಯಿತು. "ಒಗೆ ಒಡ್ಯೋ ಗಾಡಿನೇ ಇನ್ನೂ ಬಂದಿಲ್ಲ ಕಣ್ಲಾ, ಏನ್ ಸರ್ಕಾರ್ವೋ ಇದು" ಎಂದು ಒಬ್ಬ ಅಂದರೆ ಮಿಕ್ಕವರು ಹೌದೌದು ಎಂದರು. ಮೂರು ದಿನ ಬಿಟ್ಟು ಗಾಡಿ ಬಂತು. ಬೀದಿಯೆಲ್ಲ ದಟ್ಟ ಹೊಗೆ, ಕಿವಿ ಗುಂಯ್ಗುಡುವ ಸದ್ದು, ಎಲ್ಲರಿಗೂ ಕೆಮ್ಮು. ಕೆಮ್ಮುತ್ತ ಕೆಮ್ಮುತ್ತಲೇ, "ಈಗ ಸರ್ಕಾರ ಅಂದ್ರ ಇದಪ್ಪ" ಎಂದು ಅದೇ ಮನುಷ್ಯ ಮೆಚ್ಚಿಕೊಂಡ. ಸದ್ದು ಮಾಡುವ ಸರ್ಕಾರವನ್ನು ಕಂಡರೆ ನಮಗೆ ಮೊದಲಿನಿಂದಲೂ ಒಂದು ಧೈರ್ಯ.

ನಮ್ಮ ಬೀದಿಗೆ ಬಂದ ಇನ್ನೊಂದು ಸರ್ಕಾರಕ್ಕೆ ಸದ್ದಿರಲಿಲ್ಲ. ಹೆಸರು ಶಿವಮಲ್ಲಮ್ಮ, ಹುದ್ದೆ ಕಿರಿಯ ಆರೋಗ್ಯ ಸಹಾಯಕಿ. ನಮ್ಮ ಬಾಯಲ್ಲಿ ನರ್ಸಮ್ಮ. ಕಾಡಂಚಿನ ಪುಣಜನೂರಿನಲ್ಲಿ ಆನೆ ದಾಟುವ ದಾರಿಯಲ್ಲಿ ಕೆಲಸ ಮಾಡಿ ಬಂದವಳು. ಕೈಯಲ್ಲೊಂದು ಟಾರ್ಚು, ಹೆಗಲಿಗೊಂದು ಚೀಲ. ಇನ್ನೂ ಯಾರಿಗೂ ಜ್ವರ ಬಂದಿರಲಿಲ್ಲ, ಆಗಲೇ ಮನೆಮನೆಗೆ ನುಗ್ಗಿ ಡ್ರಮ್ಮು, ತೊಟ್ಟಿ, ಹೂಕುಂಡದ ತಟ್ಟೆಗಳಿಗೆಲ್ಲ ಟಾರ್ಚು ಬಿಟ್ಟು ನೋಡತೊಡಗಿದಳು. ಕಾಯಿಲೆಗಿಂತ ಮೊದಲೇ ಬಂದ ಸರ್ಕಾರವನ್ನು ನಾವು ಕಂಡಿರಲಿಲ್ಲವಾದ್ದರಿಂದ ಅನುಮಾನಪಟ್ಟೆವು.

ಅನುಮಾನ ಸಿಟ್ಟಾಗಿದ್ದು ಎದುರುಮನೆಯ ನಂಜಮ್ಮಜ್ಜಿಯ ಡ್ರಮ್ಮಿನ ದೆಸೆಯಿಂದ. ನಮ್ಮಲ್ಲಿ ನಲ್ಲಿ ನೀರು ಬರುತ್ತಿದ್ದುದು ಎಂಟು ದಿನಕ್ಕೊಮ್ಮೆ. ಬಂದ ದಿನ ಮನೆಯಲ್ಲಿ ತೂತಿಲ್ಲದ ಪಾತ್ರೆಗಳೆಲ್ಲ ತುಂಬಬೇಕು. ಕುದೇರಿನಿಂದ ಸೊಸೆಯಾಗಿ ಬಂದ ದಿನದಿಂದ ಅಜ್ಜಿ ಒಂದು ತಂಬಿಗೆ ನೀರನ್ನೂ ಸುಮ್ಮನೆ ಚೆಲ್ಲಿದವಳಲ್ಲ. ಶಿವಮಲ್ಲಮ್ಮ ಆ ಡ್ರಮ್ಮಿನಿಂದ ಒಂದು ಲೋಟ ನೀರೆತ್ತಿ, ಬಿಸಿಲಿಗೆ ಹಿಡಿದು, ಅದರಲ್ಲಿ ಲಾಗ ಹಾಕುತ್ತಿದ್ದ ಸಣ್ಣ ಹುಳುಗಳನ್ನು ತೋರಿಸಿದಳು. "ಇವೇ ಅಜ್ಜಿ, ನಾಕು ದಿನಕ್ಕ ರೆಕ್ಕೆ ಬತ್ತವೆ" ಎಂದು ಹೇಳಿ ಡ್ರಮ್ಮನ್ನು ಮೋರಿಗೆ ಉರುಳಿಸಿಬಿಟ್ಟಳು.

"ಎಂಟ್ ದಿನಕ್ಕೊಂದ್ ಸಲ ಬರೋ ನೀರು ಕಣವ್ವಾ! ಸುರುದ್ಬುಟ್ಲಲ್ಲ, ಇವ್ಳ್ ಕೈ ಸೇದೋಗ!" ಎಂದು ಅಜ್ಜಿ ಬೀದಿಗೆಲ್ಲ ಕೇಳುವಂತೆ ಶಾಪ ಹಾಕಿದಳು.

ಅಲ್ಲಿಂದ ಶಿವಮಲ್ಲಮ್ಮ ನೇರ ನಮ್ಮ ಮನೆಗೆ ಬಂದಳು. ನಾನು ವಿದ್ಯಾವಂತ, ನಮ್ಮಲ್ಲೇನಿದ್ದೀತು ಎಂದು ಬಾಗಿಲಲ್ಲೇ ನಿಂತು ನಕ್ಕೆ. ಹಿತ್ತಿಲಿನಲ್ಲಿ ನನ್ನ ತಾಯಿ ರುಬ್ಬುತ್ತಿದ್ದ ಒರಳು ಬಿದ್ದಿತ್ತು, ಮಳೆನೀರು ತುಂಬಿಕೊಂಡು. ಟಾರ್ಚು ಬಿಟ್ಟಳು. ನಂಜಮ್ಮಜ್ಜಿಯ ಡ್ರಮ್ಮಿನಲ್ಲಿ ಹುಳುಗಳ ಒಂದು ಕುಟುಂಬವಿದ್ದರೆ ನನ್ನ ಒರಳಿನಲ್ಲಿ ಒಂದು ಊರೇ ಇತ್ತು. "ಇದ್ನ ಮಗುಚಕ್ಕಾಗಲ್ಲ ಸಾ" ಎಂದು ನೀರನ್ನೆಲ್ಲ ಮೊಗೆದು ಚೆಲ್ಲಿ, ಬಾಯಿತನಕ ಮಣ್ಣು ತುಂಬಿ ಹೋದಳು. ಎದುರುಮನೆಯವರು, ಪಕ್ಕದ ಮನೆಯವರು ಎಲ್ಲ ನಿಂತು ನೋಡಿದರು. ನನಗೆ ಮೈಯೆಲ್ಲ ಉರಿಯಿತು.

ಸಂಜೆಗೆ ಅರ್ಜಿ ತಯಾರು. 'ಕುಡಿಯುವ ನೀರನ್ನು ಮೋರಿಗೆ ಸುರಿದು, ಹಿರಿಯರನ್ನು ಅಗೌರವದಿಂದ ಕಂಡು, ಗೃಹಸ್ಥರ ಒರಳುಗಳಿಗೆ ಮಣ್ಣು ಹಾಕುತ್ತಿರುವ ಸದರಿ ನೌಕರಳನ್ನು ಈ ಕೂಡಲೇ ಬೇರೆಡೆಗೆ ವರ್ಗಾಯಿಸಬೇಕಾಗಿ...' ಇಡೀ ಬೀದಿ ಸಹಿ ಮಾಡಿತು. ನಂಜಮ್ಮಜ್ಜಿ ಹೆಬ್ಬೆಟ್ಟನ್ನು ಎರಡು ಸಲ ಒತ್ತಿದಳು. ಇಲಾಖೆಯ ಕಚೇರಿಗೆ ನಾನೇ ಹೋಗಿ ಕೊಟ್ಟುಬಂದೆ.

ತಿಂಗಳೊಳಗೆ ಜ್ವರ ಬಂತು. ಆ ಕಾಯಿಲೆಯ ಹೆಸರು ಆಫ್ರಿಕಾದ ಕಡೆಯ ಯಾವುದೋ ನುಡಿಯದಂತೆ, ಮನುಷ್ಯನನ್ನು ಬಗ್ಗಿಸುವುದು ಎಂದೇನೋ ಅರ್ಥವಂತೆ. ಹೆಸರಿಟ್ಟವರು ನಮ್ಮ ಬೀದಿಯನ್ನು ನೋಡಿದ್ದರೆ ಸಂತೋಷಪಡುತ್ತಿದ್ದರು. ಯಾರ ಮುಂದೆಯೂ ಬಗ್ಗದ ಜನ ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದರು. ನನಗೆ ಲೋಟ ಹಿಡಿಯಲಾಗಲಿಲ್ಲ, ಪೇಪರು ಹಿಡಿಯಲಾಗಲಿಲ್ಲ, ಪೆನ್ನಂತೂ ಕೇಳಲೇಬೇಡಿ. ಎರಡು ವಾರ ನನಗೆ ಯಾವ ಅಭಿಪ್ರಾಯವೂ ಇರಲಿಲ್ಲ. ಆ ಎರಡು ವಾರ ಮನೆ ಬಹಳ ಶಾಂತವಾಗಿತ್ತು ಎಂದು ಹೆಂಡತಿ ಈಗಲೂ ನೆನೆಸಿಕೊಳ್ಳುತ್ತಾಳೆ.

ಶಿವಮಲ್ಲಮ್ಮ ದಿನಾ ಬಂದಳು. ನಾವು ಬರೆದದ್ದು ಅವಳಿಗೆ ಗೊತ್ತಿತ್ತು. ಸಮಜಾಯಿಷಿ ಕೇಳಿ ಮೇಲಿನಿಂದ ಕಾಗದವೂ ಬಂದಿತ್ತು. ಆದರೂ ಮಾತ್ರೆ ಕೊಟ್ಟಳು, ಹಣೆ ಮುಟ್ಟಿ ನೋಡಿದಳು. ಮೈಮೇಲೆ ಕೆಂಪು ದದ್ದು ಕಂಡು ನಂಜಮ್ಮಜ್ಜಿ ಇದು ಅಮ್ಮನ ಕಾಯಿಲೆಯೇ ಎಂದು ತೀರ್ಮಾನಿಸಿ, ಅಮ್ಮ ಬಂದ ಮನೆಯಲ್ಲಿ ಮಾಡುವಂತೆ ಒಗ್ಗರಣೆ ಹಾಕುವುದನ್ನು ನಿಲ್ಲಿಸಿಬಿಟ್ಟಿದ್ದಳು. ನಾನಾಗಿದ್ದರೆ ವಿಜ್ಞಾನದ ಮೇಲೆ ಅರ್ಧ ಗಂಟೆ ಭಾಷಣ ಮಾಡುತ್ತಿದ್ದೆ. ಶಿವಮಲ್ಲಮ್ಮ, "ಒಗ್ಗರಣೆ ಬ್ಯಾಡ ಅಂದ್ರ ಬ್ಯಾಡ ಬುಡಜ್ಜಿ. ನೀರು ಚೆಂದಾಗಿ ಕುಡಿ, ಮಾತ್ರೆ ನುಂಗು, ಅಮ್ಮ ಏನೂ ಅನ್ನಲ್ಲ" ಎಂದಳು. ಅಜ್ಜಿ ನುಂಗಿದಳು. ನಮ್ಮ ಹಿಂದಿನ ಬೀದಿಯವರು ಡ್ರಮ್ಮು ಮುಟ್ಟಲು ನರ್ಸಮ್ಮನನ್ನು ಬಿಟ್ಟಿರಲಿಲ್ಲ. ಅವರು ನಮಗಿಂತ ಎಷ್ಟೋ ಹೆಚ್ಚು ನರಳಿದರು.

ಅವಳು ಯಾರ ಮನೆಯಲ್ಲೂ ಕೂರುತ್ತಿರಲಿಲ್ಲ. ಮರ್ಯಾದೆಗೆ ಎಂದುಕೊಂಡಿದ್ದೆ. ಒಂದು ದಿನ ನನ್ನ ಹೆಂಡತಿ ಬಲವಂತ ಮಾಡಿದಾಗ, "ಕೂತ್ರ ಏಳಕ್ಕಾಗಲ್ಲ ಕಣಕ್ಕ, ಅದ್ಕೆ ನಿಂತೇ ಇರ್ತೀನಿ" ಎಂದಳು. ಅವಳಿಗೂ ಜ್ವರ ಬಂದು ಆರು ದಿನವಾಗಿತ್ತು. ನಾನು ಹಾಸಿಗೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದೆ. ಅವಳ ಮುಖ ನೋಡಲು ನಾಚಿಕೆಯಾಗಿತ್ತು.

ನಮ್ಮ ಬೀದಿ ಎದ್ದು ಓಡಾಡುವ ಹೊತ್ತಿಗೆ, ನಾನು ಮರೆತೇಬಿಟ್ಟಿದ್ದ ಆ ಅರ್ಜಿಯೂ ಕಚೇರಿಯಲ್ಲಿ ಎದ್ದು ಓಡಾಡಿತ್ತು. 'ಸಾರ್ವಜನಿಕರ ದೂರಿನ ಮೇರೆಗೆ' ಶಿವಮಲ್ಲಮ್ಮನನ್ನು ಗುಂಡ್ಲುಪೇಟೆಗೆ ವರ್ಗ ಮಾಡಿದ ಆದೇಶ ಬಂತು. ಬೀದಿ ಅಂದರೆ ಬೀದಿಯೇ ನನ್ನ ಜಗಲಿಗೆ ನುಗ್ಗಿತು. "ಅದೆಂಥದಾ ಬರುದ್ರೀ ನೀವು" ಎಂದು ಎಲ್ಲರೂ ನನ್ನನ್ನೇ ಬೈದರು, ಸಹಿ ಮಾಡಿದ್ದನ್ನು ಮರೆತು. ಬೆರಳಿನ ಗಂಟುಗಳು ಇನ್ನೂ ನೋಯುತ್ತಿದ್ದವು, ಆದರೂ ಎರಡನೆಯ ಅರ್ಜಿ ಬರೆದೆ. 'ಕರುಣಾಮಯಿ', 'ಕರ್ತವ್ಯನಿಷ್ಠೆ', 'ಬಡಜನರ ಪಾಲಿನ ತಾಯಿ'. ಇಂಥವರನ್ನು ನಮ್ಮಿಂದ ಕಿತ್ತುಕೊಳ್ಳಬಾರದು ಎಂದು ಮುಗಿಸಿದೆ. ತಾತನ ಕಾಲದವರನ್ನೂ ಮೀರಿಸಿದ್ದೆ. ಹತ್ತೇ ದಿನದಲ್ಲಿ ವರ್ಗಾವಣೆಗೆ ತಡೆ ಬಂತು. ಬೀದಿಯಲ್ಲಿ ಸಿಹಿ ಹಂಚಿದೆವು. ಪ್ರಜಾಪ್ರಭುತ್ವದ ಮೇಲೆ ನನಗೆ ಅಂದು ಹುಟ್ಟಿದಷ್ಟು ನಂಬಿಕೆ ಹಿಂದೆ ಯಾವತ್ತೂ ಹುಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಬಂದಳು. ಧನ್ಯವಾದ ಹೇಳಲು ಬಂದಿದ್ದಾಳೆ ಎಂದುಕೊಂಡು ನಾನು ಅಂಗಿ ಹಾಕಿಕೊಂಡು ಹೊರಗೆ ಬಂದೆ.

"ಸಾ, ಮೊದುಲ್ನೇ ಅರ್ಜಿ ಬರುದ್ರಲ್ಲ, ಅದ್ನ ಓದಿ ಒಂದಿನ ಅತ್ತೆ" ಎಂದಳು. "ಆಮ್ಯಾಲ ಆರ್ಡರ್ ಬಂತು, ಗುಂಡ್ಲುಪೇಟ್ಗ ಅಂತ. ಅಲ್ಲಿಂದ್ಲೇ ನಿಮ್ಗ ಕೈ ಮುಗುದ್ಬುಟ್ಟೆ ಸಾ. ಆರು ವರ್ಸದಿಂದ ಕೇಳ್ತಾ ಇವ್ನಿ ಆ ಊರ. ನಮ್ಮತ್ತೆ, ನನ್ ಮಗ್ಳು ಅಲ್ಲೇ ಇರೋದು. ನಮ್ಮನೆಯೋರು ತರಕಾರಿ ಲಾರೀಲಿ ಕೇರಳಕ್ಕ ಓದ್ರ ಮೂರ್ ದಿನ ಬರಲ್ಲ. ನಾನು ಬಾನುವಾರ ಓಗಿ ಬತ್ತಿದ್ದೆ. ಈ ಜ್ವರ ಬಂದ್ಮ್ಯಾಲ ಬಾನುವಾರಾನೂ ಇಲ್ಲ. ಅತ್ತೆ ಕೈಕಾಲು ಇಡ್ಕಂಡು ಮಲಗವ್ಳೆ. ಮಗ್ಳಿಗೂ ಜ್ವರ ಬಂದು ಓಯ್ತು, ನಾ ನೋಡ್ಲಿಲ್ಲ."

ಚೀಲವನ್ನು ಹೆಗಲಿಗೇರಿಸಿಕೊಂಡು, "ಮೆಚ್ಕಂಡು ಕೂಡಾಕ್ಬುಟ್ರಲ್ಲ ಸಾ" ಎಂದಳು. ಕೋಪವಿರಲಿಲ್ಲ ಅವಳ ದನಿಯಲ್ಲಿ. ಅದಕ್ಕೇ ಹೆಚ್ಚು ನೋವಾಯಿತು.

ಆ ಸಂಜೆ ಜಗಲಿಯ ಮೇಲೆ ಮತ್ತೆ ಸಭೆ. ಮತ್ತೊಂದು ಸಲ ಕೆಟ್ಟದಾಗಿ ಬರೆದುಬಿಡೋಣ, ವರ್ಗ ಮಾಡುತ್ತಾರೆ ಎಂದು ಯಾರೋ ಅಂದರು. ಸುಲಭವಾಗಿತ್ತು, ಬೈಗುಳದ ಪದಗಳೆಲ್ಲ ನನ್ನ ನಾಲಿಗೆಯ ತುದಿಯಲ್ಲೇ ಇರುವಂಥವು. ಆದರೆ ಪೆನ್ನು ಹಿಡಿದು ಕೂತರೆ ಒಂದು ಪದವೂ ಇಳಿಯಲಿಲ್ಲ. ದೂರಿನ ಮೇಲೆ ದೂರು ಸೇರಿದರೆ ಅವಳ ನೌಕರಿಗೇ ಕಳಂಕ. "ಸುಳ್ ಬರುದ್ರ ನಿಮ್ ಕೈ ಮುರ್ದಾಕ್ತೀನಿ" ಎಂದು ನಂಜಮ್ಮಜ್ಜಿ ಬೇರೆ ಎದುರಿಗೇ ಕೂತಿದ್ದಳು. ಕಡೆಗೆ ನನ್ನ ಜೀವಮಾನದಲ್ಲೇ ಅತಿ ಚಿಕ್ಕ ಅರ್ಜಿಯನ್ನು ಬರೆದೆ. 'ಮಾನ್ಯರೇ, ಶಿವಮಲ್ಲಮ್ಮನವರು ಒಳ್ಳೆಯವರು. ನಮ್ಮ ಮೊದಲ ಅರ್ಜಿ ತಪ್ಪು. ಎರಡನೆಯದು ಸ್ವಾರ್ಥ. ಅವರು ನಮಗೆ ಬೇಕು, ಆದರೆ ಅವರ ಮಗಳಿಗೆ ಇನ್ನೂ ಹೆಚ್ಚು ಬೇಕು. ದಯಮಾಡಿ ಕಳಿಸಿಕೊಡಿ.'

ಕಚೇರಿಗೆ ಏಳೆಂಟು ಜನ ಒಟ್ಟಿಗೆ ಹೋದೆವು, ಇನ್ನೂ ಸರಿಯಾಗಿ ಮಡಿಸಲು ಬಾರದ ಮಂಡಿಗಳನ್ನು ಎಳೆದುಕೊಂಡು. ಅಧಿಕಾರಿಗಳು ಹಾಳೆಯನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ನಮ್ಮನ್ನು ನೋಡಿದರು. "ಕೆಟ್ಟೋರ್ನ ತೆಗೀರಿ ಅನ್ನೋ ಅರ್ಜಿಗೊಂದು ಫೈಲಿದೆ. ಒಳ್ಳೇರ್ನ ಉಳಿಸಿ ಅನ್ನೋದಕ್ಕೊಂದಿದೆ. ಒಳ್ಳೇರು, ಆದ್ದರಿಂದ ಕಳಿಸಿ ಅನ್ನೋದನ್ನ ಯಾವ ಫೈಲಿಗೆ ಹಾಕ್ಲಿ?" ಎಂದರು.

"ಯಾವ್ದ್ಕೂ ಆಕ್ಬ್ಯಾಡಿ ಸಾಮಿ, ಫೈಲ್ಗಾಕುದ್ರ ಸಿಕ್ಕಲ್ಲ. ಈಗ್ಲೇ ಸೈನ್ ಆಕ್ಬುಡಿ" ಎಂದಳು ನಂಜಮ್ಮಜ್ಜಿ.

ಅವರು ನಕ್ಕುಬಿಟ್ಟರು. ಆ ಮನುಷ್ಯನ ಬಗ್ಗೆಯೂ ನಾನು ಮೊದಲು ಏನೇನೋ ಅಂದುಕೊಂಡಿದ್ದವನೇ. ತಡೆಯನ್ನು ಅವರು ಅದೇ ವಾರ ತೆರವು ಮಾಡಿದರು. ಸರ್ಕಾರ ಎಂದರೆ ವಿಧಾನಸೌಧದಷ್ಟು ದೊಡ್ಡದು, ಕಲ್ಲಿನದು, ಅದಕ್ಕೆ ಹಸಿವು ನಿದ್ರೆ ಮಕ್ಕಳು ಮರಿ ಏನೂ ಇರುವುದಿಲ್ಲ ಎಂದು ಐವತ್ತು ವರ್ಷ ನಂಬಿದ್ದೆನಲ್ಲ! ಮಂಡಿನೋವಿನಲ್ಲೂ ನಿಂತುಕೊಂಡೇ ನಮ್ಮ ಹಣೆ ಮುಟ್ಟಿ ನೋಡಿದ ಸರ್ಕಾರಕ್ಕೆ ನನ್ನ ವೋಟು ಯಾವಾಗಲೂ ಉಂಟು.

ಅವರೆಕಾಯಿ ಕಾಲದಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆಂದು ಗುಂಡ್ಲುಪೇಟೆಗೆ ಹೋದೆ. ಭಾನುವಾರ. ಉಡಿಗಾಲ ಎಂಬ ಊರಿನಿಂದ ಬಂದಿದ್ದ ಅವರೆಕಾಯಿಯನ್ನು ಒಂದು ಚೀಲದಲ್ಲಿ ತುಂಬಿ, "ಅವ್ಳ ಮನೇಗ ಕೊಟ್ಬುಡಿ" ಎಂದು ಹೆಂಡತಿ ಕಳಿಸಿದ್ದಳು. ವಿಳಾಸ ಕೇಳಿಕೊಂಡು ಹೋದಾಗ ಮಧ್ಯಾಹ್ನ ಮೂರು ಗಂಟೆ. ಹೊರಗೆ ಬಿಸಿಲಿಗೆ ಅತ್ತೆ ಕಾಲು ಚಾಚಿ ಕೂತಿದ್ದರು. ಎಂಟು ವರ್ಷದ ಹುಡುಗಿಯೊಬ್ಬಳು ಬಾಗಿಲಿಗೆ ಬಂದು ತುಟಿಯ ಮೇಲೆ ಬೆರಳಿಟ್ಟಳು. ಅವಳ ಹಿಂದೆ, ನಡುಮನೆಯ ಚಾಪೆಯ ಮೇಲೆ, ಕಣ್ಣಿಗೆ ಕೈ ಅಡ್ಡ ಇಟ್ಟುಕೊಂಡು ಶಿವಮಲ್ಲಮ್ಮ ಮಲಗಿದ್ದಳು. ಪಕ್ಕದಲ್ಲಿ ಮಗಳು ಈಗಷ್ಟೇ ಎದ್ದುಬಂದ ಗುರುತಿಗೆ ದಿಂಬೊಂದು ತಗ್ಗಾಗಿತ್ತು.

"ಅವ್ವ ಮಲಗವ್ಳೆ. ಏಳುಸ್ಲಾ?" ಎಂದು ಹುಡುಗಿ ಪಿಸುಗುಟ್ಟಿದಳು.

"ಬ್ಯಾಡ ಕಣಮ್ಮಿ" ಎಂದೆ. ಚೀಲವನ್ನು ಹೊಸ್ತಿಲ ಒಳಗಿಟ್ಟು, ಚಪ್ಪಲಿ ಸದ್ದಾಗದಂತೆ ಹಿಂದೆ ಬಂದೆ.

ಸರ್ಕಾರ ನಿದ್ದೆ ಮಾಡುತ್ತಿದೆ ಎಂದು ಪೇಪರಿನವರು ಆಗಾಗ ಬರೆಯುತ್ತಾರೆ. ನಾನದನ್ನು ಕಣ್ಣಾರೆ ಕಂಡೆ. ಎಬ್ಬಿಸಲು ಮನಸ್ಸು ಬರಲಿಲ್ಲ.